ಮೂಸೆಗೆ ಬೀಳುವ ಮುನ್ನ

ಹಣ, ಕಾಸು, ದುಡ್ಡು, ಹೊನ್ನು ಎಂಬ ಮಾತುಗಳನ್ನು ಕನ್ನಡಿಗರಾದ ನಾವು ದಿನಕ್ಕೆ ಹತ್ತು ಬಾರಿಯಾದರೂ ಆಡುತ್ತೇವೆ. ಇಂದು ಇವೆಲ್ಲಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿದೆ. ಆದರೆ ಒಂದು ಕಾಲಕ್ಕೆ ಇವು ಬೇರೆಬೇರೆ ನಾಣ್ಯಗಳ ಹೆಸರುಗಳಾಗಿದ್ದವು. ಸಂಸ್ಕೃತದ ‘ಪಣ’ದ ಪಕಾರ ನಮ್ಮ ಬಾಯಲ್ಲಿ ಹಕಾರವಾಗಿ ‘ಹಣ’ವಾಯಿತು, ಅದು ಸುಮಾರು ಮೂರು ಗುಲಗಂಜಿ ತೂಗುವ, ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಪುಟ್ಟ ಚಿನ್ನದ ನಾಣ್ಯ. ಹೊನ್ನು ಅದಕ್ಕಿಂತ ದೊಡ್ಡದು. ಕಾಸು, ದುಡ್ಡುಗಳು ತಾಮ್ರದವು. ನಾಣ್ಯಗಳು ಮಾಯವಾದವು, ಹೆಸರುಗಳು ನಾಲಿಗೆಯಲ್ಲಿ ಉಳಿದವು.

ಆದರೆ ನಾಣ್ಯಗಳೂ ಪೂರ್ತಿಯಾಗಿ ಮಾಯವಾಗಿಲ್ಲ. ದೆಹಲಿ, ನೋಯಿಡಾ, ಗುರುಗ್ರಾಮ, ಫರೀದಾಬಾದುಗಳಲ್ಲಿ ನೆಲೆಸಿರುವ ನಮ್ಮವರ ಎಷ್ಟೋ ಮನೆಗಳಲ್ಲಿ, ಊರಿನಿಂದ ಬರುವಾಗ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಟ್ಟ ಒಂದೆರಡು ಬೆಳ್ಳಿಯ ರೂಪಾಯಿ, ಕಾಸಿನ ಸರದಿಂದ ಕಳಚಿದ ಒಂದು ಪವನು, ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಹೊರಬರುವ ಒಂದು ವರಹ ಇದ್ದೇ ಇರುತ್ತದೆ. ಇಂಥ ನಾಣ್ಯಗಳನ್ನು ಕೊಂಡು ಕೂಡಿಸಬೇಕೆಂಬ ಆಸೆಯೂ ಈಚೆಗೆ ನಮ್ಮವರಲ್ಲಿ ಬೆಳೆಯುತ್ತಿದೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಇವು ಬೆಲೆಯ ಆಸೆಗೆ ಅಕ್ಕಸಾಲಿಗನ ಮೂಸೆಗೆ ಬೀಳುತ್ತಲೂ ಇವೆ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಲಕ್ಷ ರೂಪಾಯಿ ದಾಟಿತು. ಇಂಥ ಕಾಲದಲ್ಲಿ ನಾಣ್ಯ ಸಂಗ್ರಹದ ಮೊದಲ ಪಾಠವನ್ನು ಅಂಗಡಿಯಿಂದಲ್ಲ, ಇತಿಹಾಸದಿಂದ ಕಲಿಯುವುದು ಲೇಸೆಂದು ನಮಗೆ ತೋರುತ್ತದೆ. ಏಕೆಂದರೆ ಕನ್ನಡ ನಾಡಿನ ನಾಣ್ಯಗಳ ಕಥೆಯು ಬಹುಪಾಲು ಕರಗಿಹೋದ ನಾಣ್ಯಗಳ ಕಥೆಯೇ ಆಗಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ಈಗ ವಾಸಿಸುತ್ತಿರುವ ಈ ದೆಹಲಿಯಲ್ಲೇ.

ಕಮ್ಮಟದ ಕನ್ನಡ

ಸಾಹಿತ್ಯ ಕಮ್ಮಟ, ರಂಗ ಕಮ್ಮಟ ಎಂದು ನಾವು ಈಗ ಶಿಬಿರಗಳನ್ನು ಕರೆಯುತ್ತೇವಷ್ಟೆ. ಹಳಗನ್ನಡದಲ್ಲಿ ಕಮ್ಮಟವೆಂದರೆ ಟಂಕಸಾಲೆ, ನಾಣ್ಯ ಅಚ್ಚೊತ್ತುವ ಜಾಗ. ಗದಗದ ಹತ್ತಿರದ ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿ, ಇದಕ್ಕೆ ಹೆಸರಾದ ಊರು. ಅಲ್ಲಿಯ ‘ಲೊಕ್ಕಿ ಗದ್ಯಾಣ’ವನ್ನು ಶಾಸನಗಳು ಹೆಸರಿಸುತ್ತವೆ. ಗದ್ಯಾಣವು ದೊಡ್ಡ ಹೊನ್ನು. ಅದರ ಕೆಳಗೆ ಪಣ, ಪಣದ ಕಾಲುಭಾಗ ಹಾಗ, ಹಾಗದ ಕಾಲುಭಾಗ ವೀಸ, ವೀಸದ ಕಾಲುಭಾಗ ಕಾಣಿ. ದೇವಸ್ಥಾನದ ನಂದಾದೀಪಕ್ಕೆ ಇಷ್ಟು ಗದ್ಯಾಣ, ಎಣ್ಣೆಯ ಗಾಣಕ್ಕೆ ಇಷ್ಟು ಹಾಗ ಎಂದು ಕಲ್ಲಿನ ಮೇಲೆ ಲೆಕ್ಕ ಬರೆದಿಟ್ಟ ಜನ ನಮ್ಮ ಹಿರಿಯರು.

ನಾಣ್ಯದ ಮೇಲೆ ಕನ್ನಡ ಅಕ್ಷರಗಳು ಮೆರೆದದ್ದು ಹೊಯ್ಸಳರ ಕಾಲದಲ್ಲಿ. ವಿಷ್ಣುವರ್ಧನನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಹೊರಡಿಸಿದ ಗದ್ಯಾಣದ ಹಿಂಬದಿಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂದೂ, ನೊಳಂಬವಾಡಿಯ ಗೆಲುವಿನ ನಾಣ್ಯದ ಮೇಲೆ ‘ಶ್ರೀ ನೊಣಂಬವಾಡಿಗೊಂಡ’ ಎಂದೂ ಕನ್ನಡದಲ್ಲಿ ಬರೆಯಲಾಗಿದೆ. ತೂಕ ಸುಮಾರು ನಾಲ್ಕು ಗ್ರಾಂ. ಅಷ್ಟು ಚಿಕ್ಕ ಹೊನ್ನಿನ ಬಿಲ್ಲೆಯ ಮೇಲೆ ಒಂದು ಯುದ್ಧದ ವಾರ್ತೆಯನ್ನು ಜನರ ಕೈಯಿಂದ ಕೈಗೆ ದಾಟಿಸಿದ ಚಾತುರ್ಯಕ್ಕೆ ತಲೆದೂಗಬೇಕು. ವೃತ್ತಪತ್ರಿಕೆ ಇಲ್ಲದ ಕಾಲಕ್ಕೆ ನಾಣ್ಯವೇ ವೃತ್ತಪತ್ರಿಕೆ. ತುಳುನಾಡಿನ ಆಳುಪರ ಹೊನ್ನಿನ ಮೇಲೆ ಜೋಡಿ ಮೀನಿನ ಲಾಂಛನ ಮತ್ತು ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬಿರುದು ಕಾಣುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಬಂದ ನಮ್ಮ ಓದುಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಸಿರಿಯ ಕೋಟೆಗೆ ಬಂದ ಹೊನ್ನು

1311ರ ಮೊದಲ ತಿಂಗಳುಗಳಲ್ಲಿ ಅಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫರನು ದೋರಸಮುದ್ರವನ್ನು, ಅಂದರೆ ಇಂದಿನ ಹಳೇಬೀಡನ್ನು, ಮುತ್ತಿದನು. ಮೂರನೆಯ ವೀರಬಲ್ಲಾಳನು ಕೂಡಿಟ್ಟ ಸಂಪತ್ತನ್ನು ಒಪ್ಪಿಸಿ ಸಂಧಿ ಮಾಡಿಕೊಂಡನು. ಬಲ್ಲಾಳನ ಮಗನು ದೆಹಲಿಗೆ ಹೋಗಿ 1313ರಲ್ಲಿ ತಾಯ್ನಾಡಿಗೆ ಮರಳಿದ ಸಂಗತಿಯನ್ನು ಶಾಸನವೊಂದು ತಿಳಿಸುತ್ತದೆ. ದೆಹಲಿಗೆ ಬಂದ ಕನ್ನಡಿಗರ ಪಟ್ಟಿ ಮಾಡುವವರು ಈ ರಾಜಕುಮಾರನನ್ನು ಮರೆಯಬಾರದು. ಅವನು ಮರಳಿ ಹೋದನು, ಹೊನ್ನು ಮರಳಲಿಲ್ಲ. ದಕ್ಷಿಣದಿಂದ ತಂದ ಆನೆ, ಕುದುರೆ, ಚಿನ್ನದ ರಾಶಿಯನ್ನು ಸಿರಿಯ ಅರಮನೆಯಲ್ಲಿ ಸುಲ್ತಾನನ ಮುಂದೆ ಒಪ್ಪಿಸಲಾಯಿತೆಂದೂ, ಅವನು ಅಮೀರರಿಗೆ ಮಣಗಟ್ಟಲೆ ಚಿನ್ನ ಹಂಚಿದನೆಂದೂ ಬರನಿ ಎಂಬ ಇತಿಹಾಸಕಾರನು ಬರೆದಿದ್ದಾನೆ. ಅವನ ಅಂಕಿಗಳನ್ನು ಹಾಗೆಯೇ ನಂಬುವುದು ಕಷ್ಟ. ಆದರೆ ಹೊನ್ನು ಬಂದದ್ದರಲ್ಲಿ ಸಂದೇಹವಿಲ್ಲ. ಇಂದು ಸಿರಿ ಫೋರ್ಟ್ ಸಭಾಂಗಣಕ್ಕೆ ನಾಟಕ, ಸಂಗೀತ ಎಂದು ಹೋಗುವ ನಾವು ನಡೆಯುವುದು ಆ ಕೋಟೆಯ ನೆಲದ ಮೇಲೇ.

ಹೀಗೆ ಬಂದ ಪರನಾಡಿನ ನಾಣ್ಯಗಳ ಗತಿ ಏನಾಗುತ್ತಿತ್ತು? ಇದಕ್ಕೆ ಉತ್ತರವೂ ದೆಹಲಿಯಲ್ಲೇ ಸಿಗುತ್ತದೆ. ಈಗಿನ ಹರಿಯಾಣದ ಕಡೆಯ ಜೈನ ಗೃಹಸ್ಥ ಠಕ್ಕುರ ಫೇರು ಎಂಬಾತನು ಸುಲ್ತಾನರ ಟಂಕಸಾಲೆಯಲ್ಲಿ ಕೆಲಸ ಮಾಡಿ ಪಡೆದ ಅನುಭವದಿಂದ 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ಪ್ರಾಕೃತದಲ್ಲಿ ಬರೆದನು. ತನ್ನ ಸಹೋದರನೂ ಮಗನೂ ಕಲಿಯಲೆಂದು ಬರೆದ ಕೃತಿ ಅದು. ಚಿನ್ನ ಬೆಳ್ಳಿಗಳನ್ನು ಶುದ್ಧಿ ಮಾಡುವುದು ಹೇಗೆ, ಯಾವ ನಾಡಿನ, ಯಾವ ರಾಜನ ನಾಣ್ಯದಲ್ಲಿ ಶುದ್ಧ ಲೋಹ ಎಷ್ಟು, ಅದಕ್ಕೆ ದೆಹಲಿಯ ನಾಣ್ಯದಲ್ಲಿ ಎಷ್ಟು ಬೆಲೆ ಎಂದು ಅವನು ಸಾಲುಸಾಲಾಗಿ ಹೇಳುತ್ತಾನೆ. ಭಾರತದ ನಾಣ್ಯಶಾಸ್ತ್ರಕ್ಕೆ ಇಂಥ ಹಳೆಯ ಗ್ರಂಥ ಇನ್ನೊಂದಿಲ್ಲವೆಂದೇ ಹೇಳಬೇಕು. ಆದರೆ ಅದರ ಉದ್ದೇಶವನ್ನು ಗಮನಿಸಿ. ಪರನಾಡಿನ ನಾಣ್ಯವನ್ನು ಅಷ್ಟು ಸೂಕ್ಷ್ಮವಾಗಿ ಪರೀಕ್ಷಿಸುತ್ತಿದ್ದುದು ಅದನ್ನು ಕರಗಿಸಿ ಸುಲ್ತಾನನ ಟಂಕವನ್ನಾಗಿ ಒತ್ತುವುದಕ್ಕೆ. ‘ತಳಕಾಡುಗೊಂಡ’ನ ಹೊನ್ನುಗಳಲ್ಲಿ ಎಷ್ಟು, ಅಲಾವುದ್ದೀನನು ತನ್ನನ್ನು ‘ಎರಡನೆಯ ಸಿಕಂದರ’ ಎಂದು ಕರೆದುಕೊಂಡ ಟಂಕಗಳಾಗಿ ಮರುಜನ್ಮ ಪಡೆದವೋ ದೇವರೇ ಬಲ್ಲ. ಹೊಯ್ಸಳರ ಹೊನ್ನು ಇಂದು ಅಪರೂಪವಾಗಿರುವುದಕ್ಕೆ ಮೂಸೆಯೂ ಒಂದು ಕಾರಣವೆಂದು ಊಹಿಸುವುದು ತಪ್ಪಾಗಲಾರದು.

ಕಲಬುರಗಿಯ ಮೂಸೆ

ಕರಗಿಸಿದವರೆಲ್ಲರೂ ಹೊರಗಿನವರೇ ಎಂದುಕೊಳ್ಳಬೇಕಾಗಿಲ್ಲ. ಮಹಮದ್ ಬಿನ್ ತುಗಲಕನು 1327ರಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ಒಯ್ದಾಗ ದೆಹಲಿಯ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಗುಳೆ ಹೋದವು. ಆಮೇಲೆ ಎರಡು ಮೂರು ವರ್ಷಗಳಲ್ಲಿ ಅವನು ಬೆಳ್ಳಿಯ ಟಂಕದ ಬದಲಿಗೆ ಹಿತ್ತಾಳೆ ತಾಮ್ರಗಳ ನಾಣ್ಯ ಹೊರಡಿಸಿದ್ದೂ, ಮನೆಮನೆಯಲ್ಲೂ ಖೋಟಾ ನಾಣ್ಯ ಹುಟ್ಟಿದ್ದೂ, ಕೊನೆಗೆ ಸುಲ್ತಾನನೇ ಅವನ್ನು ಹಿಂದಕ್ಕೆ ಪಡೆದು ಬೆಳ್ಳಿ ಕೊಡಬೇಕಾಗಿ ಬಂದದ್ದೂ ಎಲ್ಲರಿಗೂ ತಿಳಿದ ಕಥೆ. ಹಾಗೆ ಹಿಂದಕ್ಕೆ ಬಂದ ನಾಣ್ಯಗಳು ತುಗಲಕಾಬಾದಿನಲ್ಲಿ ಗುಡ್ಡೆಗಳಾಗಿ ಬಿದ್ದಿದ್ದವೆಂದು ಬರನಿ ಬರೆಯುತ್ತಾನೆ.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಹೊನ್ನೇ ಪ್ರಧಾನವಾಗಿದ್ದ ನಮ್ಮ ನಾಡಿನ ವ್ಯವಹಾರದಲ್ಲಿ ಬೆಳ್ಳಿಯ ಟಂಕವು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಇವರಿಂದ. ಆದರೆ ಹೊಸ ಸುಲ್ತಾನನ ನಾಣ್ಯ ಚಲಾವಣೆಯಲ್ಲಿ ನಿಲ್ಲಲಿಲ್ಲ. ವಿಜಯನಗರ ಮತ್ತು ತೆಲಂಗಾಣದ ಅರಸರ ಪ್ರೇರಣೆಯಿಂದ ಅಲ್ಲಿಯ ಶರಾಫರು ಬಹಮನಿ ನಾಣ್ಯಗಳನ್ನು ಸಿಕ್ಕಸಿಕ್ಕಲ್ಲಿ ಕರಗಿಸಿಬಿಡುತ್ತಿದ್ದರಂತೆ. ತಮ್ಮ ಹೊನ್ನೇ ಪೇಟೆಯಲ್ಲಿ ಓಡಾಡಬೇಕೆಂಬ ಹಟ. ಎಚ್ಚರಿಕೆಗೆ ಜಗ್ಗದಿದ್ದಾಗ ಮೊದಲನೆಯ ಮಹಮದ್ ಷಾ 1360ರಲ್ಲಿ ಶರಾಫರನ್ನು ಕೊಲ್ಲಿಸಿದನೆಂದೂ, ಆ ವೃತ್ತಿಯನ್ನು ಹಿಂದೆ ದೆಹಲಿಯಿಂದ ವಲಸೆ ಬಂದಿದ್ದ ಖತ್ರಿಗಳ ವಂಶದವರಿಗೆ ವಹಿಸಿದನೆಂದೂ ಫೆರಿಷ್ತಾ ಹೇಳುತ್ತಾನೆ. ಅಂದು ದೆಹಲಿಯವರು ಕಲಬುರಗಿಯಲ್ಲಿ ಹಣದ ಅಂಗಡಿ ಇಟ್ಟರು. ಇಂದು ಕಲಬುರಗಿಯವರು ದೆಹಲಿಯ ಬ್ಯಾಂಕುಗಳಲ್ಲಿ ಕುಳಿತಿದ್ದಾರೆ. ವಲಸೆ ಎಂಬುದು ಏಕಮುಖವಾಗಿ ಹರಿಯುವ ಹೊಳೆಯಲ್ಲ. ಇರಲಿ, ಇಲ್ಲಿ ನಾವು ಹೇಳಹೊರಟದ್ದು ಇಷ್ಟೆ: ಒಂದು ನಾಣ್ಯವನ್ನು ಕರಗಿಸುವುದೆಂದರೆ ಅದರ ಮೇಲಿನ ಹೆಸರನ್ನು ಅಳಿಸುವುದು ಎಂಬುದು ಅಂದಿನ ಅರಸರಿಗೂ ಶರಾಫರಿಗೂ ಚೆನ್ನಾಗಿ ಗೊತ್ತಿತ್ತು. ಪ್ರಾಣ ಕೊಡುವಷ್ಟು, ಪ್ರಾಣ ತೆಗೆಯುವಷ್ಟು ಗೊತ್ತಿತ್ತು.

ಒಂದೇ ಚಿತ್ರ, ನಾಲ್ಕು ಸಿಂಹಾಸನ

1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ನಾಣ್ಯಗಳ ಲೆಕ್ಕವನ್ನು ಅಚ್ಚುಕಟ್ಟಾಗಿ ಕೊಟ್ಟಿದ್ದಾನೆ. ಚಿನ್ನದಲ್ಲಿ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಹಣ. ಹಣದ ಆರನೆಯ ಒಂದು ಭಾಗ ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಭಾಗ ತಾಮ್ರದ ಜೀತಲ್. ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಹಣವೇ ಎಂದೂ ಅವನು ಗಮನಿಸಿದನು. ಆ ಮಾತು ಇಂದಿಗೂ ನಮ್ಮ ನಾಲಿಗೆಯಲ್ಲಿ ಗಟ್ಟಿಯಾಗಿ ಕುಳಿತಿರುವುದು ಆಶ್ಚರ್ಯವಲ್ಲ. ವರಹದ ತೂಕ ಸುಮಾರು 3.4 ಗ್ರಾಂ. ಅದರ ಹೆಸರು ಚಾಲುಕ್ಯರ ವರಾಹ ಲಾಂಛನದಿಂದ ಬಂದದ್ದೆನ್ನುತ್ತಾರೆ. ಕೃಷ್ಣದೇವರಾಯನ ವರಹದ ಮೇಲೆ ಕುಳಿತ ಬಾಲಕೃಷ್ಣ. ಅಚ್ಯುತರಾಯನದರ ಮೇಲೆ ಗಂಡಭೇರುಂಡ. ತಿರುಮಲರಾಯನದರ ಮೇಲೆ ಸೀತಾ ಲಕ್ಷ್ಮಣ ಸಮೇತ ಶ್ರೀರಾಮ.

ಸಂಗ್ರಹಕ್ಕೆ ತೊಡಗುವವರು ಒಂದು ಚಿತ್ರವನ್ನು ವಿಶೇಷವಾಗಿ ಹಿಂಬಾಲಿಸಬಹುದು. ಅದು ಶಿವಪಾರ್ವತಿಯರು ಜೊತೆಯಾಗಿ ಕುಳಿತ ಉಮಾಮಹೇಶ್ವರ ಚಿತ್ರ. ವಿಜಯನಗರದ ಹರಿಹರ, ದೇವರಾಯರ ಹೊನ್ನಿನ ಮೇಲೆ ಅದು ಕಾಣುತ್ತದೆ. ಅಲ್ಲಿಂದ ಇಕ್ಕೇರಿಯ ನಾಯಕರ ವರಹಕ್ಕೆ ಬರುತ್ತದೆ. ಹಿಂಬದಿಯಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಜನ ನಂಬಿದ ಈ ಚಿತ್ರವನ್ನು ಅವನು ಕೆಡಿಸಲಿಲ್ಲ. ಮುಂಬದಿಯಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವೊಂದನ್ನು ಮಾತ್ರ ಒತ್ತಿಸಿದನು. ಅದೇ ಬಹದ್ದೂರಿ ಹೊನ್ನು. ಕೊನೆಗೆ 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಅದೇ ಶಿವಪಾರ್ವತಿ, ಹಿಂಬದಿಯಲ್ಲಿ ‘ಶ್ರೀ ಕೃಷ್ಣರಾಜ’. ವಂಶಗಳು ಬದಲಾದವು, ಧರ್ಮ ಬದಲಾಯಿತು, ಚಿತ್ರ ಉಳಿಯಿತು. ಪೇಟೆಯ ವಿಶ್ವಾಸ ಎಷ್ಟು ಗಟ್ಟಿಯಾದದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಶಾಲೆಯ ಪುಸ್ತಕದಲ್ಲಿ ಸಿಗುವುದು ಕಷ್ಟ.

ನಡುವೆ ಟಿಪ್ಪು ಸುಲ್ತಾನನು ಎಲ್ಲವನ್ನೂ ಹೊಸದಾಗಿ ಮಾಡಿದನು. ಚಿನ್ನದ ಮೊಹರಿಗೆ ಅಹಮದಿ, ವರಹಕ್ಕೆ ಫಾರೂಕಿ, ಎರಡು ರೂಪಾಯಿಯ ಬೆಳ್ಳಿಯ ನಾಣ್ಯಕ್ಕೆ ಹೈದರಿ, ರೂಪಾಯಿಗೆ ಇಮಾಮಿ ಎಂದು ಹೆಸರಿಟ್ಟನು. ಅವನ ಮೌಲೂದಿ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಈ ಗುಟ್ಟು ತಿಳಿಯದವರು 1215ನ್ನು 5121 ಎಂದು ಓದಿ ಕಂಗಾಲಾಗುತ್ತಾರೆ. ಅದಕ್ಕೂ ಹಿಂದೆ, 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಸ್ಥಾಪಿಸಿ, ನರಸಿಂಹನ ಚಿತ್ರದ ಪುಟ್ಟ ಕಂಠೀರಾಯಿ ಹಣವನ್ನು ಹೊರಡಿಸಿದ್ದರು. ಹತ್ತು ಕಂಠೀರಾಯಿ ಹಣಕ್ಕೆ ಒಂದು ಕಂಠೀರಾಯಿ ವರಹ ಎಂದು ಲೆಕ್ಕ. ಆದರೆ ಆ ವರಹ ಕಡತದಲ್ಲಿ ಮಾತ್ರ ಇತ್ತು, ಕೈಯಲ್ಲಿ ಹಿಡಿಯುವ ನಾಣ್ಯವಾಗಿ ಇರಲಿಲ್ಲ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಅದರ ಕೊನೆಯ ಕಾಲದ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೂ ಜೊತೆಗೆ ಇಂಗ್ಲಿಷಿನಲ್ಲಿಯೂ ಬರೆದಿರುತ್ತದೆ. ಚಿನ್ನವಲ್ಲ, ಬೆಳ್ಳಿಯಲ್ಲ, ಆದರೆ ದೆಹಲಿಯಲ್ಲಿ ಹುಟ್ಟಿ ಕನ್ನಡ ಅಕ್ಷರ ಕಲಿಯುತ್ತಿರುವ ಮಗುವಿನ ಕೈಗೆ ಕೊಡಲು ಅದಕ್ಕಿಂತ ಒಳ್ಳೆಯ ನಾಣ್ಯವನ್ನು ನಾವು ಕಾಣೆವು.

ಅಜ್ಜಿಯ ರೂಪಾಯಿ

ಇನ್ನು ನಮ್ಮ ಮನೆಗಳಲ್ಲಿ ನಿಜವಾಗಿ ಸಿಗುವ ನಾಣ್ಯಗಳ ವಿಚಾರ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ರೂಪಾಯಿಯನ್ನು ಗೊತ್ತುಮಾಡಿತು. ಅದರ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಮಾಣ ನಡೆಯಿತು. ಹಿಂದೆ ಅಂಗಡಿಗಳಲ್ಲಿ ಚಿನ್ನ ತೂಗಲು ಒಂದು ಕಡೆ ರೂಪಾಯಿ ಇಡುತ್ತಿದ್ದುದು ಇದರಿಂದಲೇ. ವಿಕ್ಟೋರಿಯಾ ರಾಣಿಯ ನಾಣ್ಯದ ಮೇಲೆ 1877ರಿಂದ ‘ರಾಣಿ’ ಎಂಬುದು ‘ಚಕ್ರವರ್ತಿನಿ’ ಎಂದಾಯಿತು. 1903ರಿಂದ 1910ರವರೆಗೆ ಕಿರೀಟವಿಲ್ಲದ ಬೋಳುತಲೆಯ ಎಡ್ವರ್ಡ್. 1911ರಲ್ಲಿ, ದೆಹಲಿಯ ದರ್ಬಾರಿನಲ್ಲಿ ರಾಜಧಾನಿ ಇಲ್ಲಿಗೆ ಬರುವುದೆಂದು ಘೋಷಣೆಯಾದ ವರ್ಷದಲ್ಲೇ, ಐದನೆಯ ಜಾರ್ಜನ ರೂಪಾಯಿ ಬಂದಿತು. ಆದರೆ ದೊರೆಯ ನಿಲುವಂಗಿಯ ಮೇಲಿನ ಸರದಲ್ಲಿದ್ದ ಆನೆಯು ಜನರ ಕಣ್ಣಿಗೆ ಹಂದಿಯಂತೆ ಕಂಡು ದೊಡ್ಡ ಗುಲ್ಲಾಯಿತು. ಮರುವರ್ಷದಿಂದ ಆನೆಯನ್ನು ತಿದ್ದಿ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ಮಾಡಿದರು. 1911ರ ಆ ರೂಪಾಯಿಗೆ ಸಂಗ್ರಾಹಕರಲ್ಲಿ ಇಂದಿಗೂ ‘ಹಂದಿ ರೂಪಾಯಿ’ ಎಂದೇ ಹೆಸರು.

ಪವನು ಎಂದು ನಾವು ಕರೆಯುವ ಇಂಗ್ಲೆಂಡಿನ ಸಾವರಿನ್ ನಾಣ್ಯದ ತೂಕ 7.99 ಗ್ರಾಂ, ಇಪ್ಪತ್ತೆರಡು ಕ್ಯಾರೆಟ್. ಮೊದಲ ಮಹಾಯುದ್ಧದ ಇಕ್ಕಟ್ಟಿನಲ್ಲಿ, 1918ರಲ್ಲಿ ಮಾತ್ರ, ಅದನ್ನು ಮುಂಬಯಿಯಲ್ಲಿ ಒತ್ತಿದರು. ಕುದುರೆಯ ಕೆಳಗೆ, ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಇಂಗ್ಲಿಷಿನ ‘ಐ’ ಅಕ್ಷರ ಸಣ್ಣದಾಗಿ ಕಂಡರೆ ಅದು ನಮ್ಮ ದೇಶದಲ್ಲೇ ಹುಟ್ಟಿದ ಪವನು. ಅದೇ ವರ್ಷ, ಅದೇ ತೂಕದ ಹದಿನೈದು ರೂಪಾಯಿಯ ಚಿನ್ನದ ನಾಣ್ಯವೂ ಬಂದಿತ್ತು.

ಎರಡನೆಯ ಮಹಾಯುದ್ಧ ಬಂದಾಗ ಮೂಸೆ ಮತ್ತೆ ಕಾದಿತು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಬಳಿಕ 1941ರಲ್ಲಿ ವಿಕ್ಟೋರಿಯಾ, 1942ರಲ್ಲಿ ಎಡ್ವರ್ಡ್, 1943ರಲ್ಲಿ ಜಾರ್ಜರ ಹಳೆಯ ಪೂರ್ಣ ಬೆಳ್ಳಿಯ ರೂಪಾಯಿಗಳನ್ನು ಚಲಾವಣೆಯಿಂದ ತೆಗೆದುಹಾಕಿದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಎಲ್ಲ ನಿಕ್ಕಲ್. ಆದ್ದರಿಂದ ನಿಮ್ಮ ಮನೆಯಲ್ಲಿರುವ ವಿಕ್ಟೋರಿಯಾ ರೂಪಾಯಿಯು ಸರಕಾರಕ್ಕೆ ಒಪ್ಪಿಸದೆ ಯಾರೋ ಮುತ್ತಜ್ಜಿ ಗೋಡೆಯ ಗೂಡಿನಲ್ಲೋ ಅಕ್ಕಿಯ ಮಡಕೆಯಲ್ಲೋ ಬಚ್ಚಿಟ್ಟು ಉಳಿಸಿದ್ದು. ಅವಳಿಗೆ ನಾಣ್ಯಶಾಸ್ತ್ರ ತಿಳಿಯದಿರಬಹುದು. ಸಂಗ್ರಾಹಕರ ಮೊದಲ ಧರ್ಮವನ್ನು ಮಾತ್ರ ಅವಳು ಪಾಲಿಸಿದಳು.

ಮೊದಲ ಹೆಜ್ಜೆಗಳು

ಸಂಗ್ರಹ ಆರಂಭಿಸಬೇಕೆನ್ನುವವರು ಮೊದಲು ಕೊಳ್ಳಬೇಕಾದದ್ದು ನಾಣ್ಯವನ್ನಲ್ಲ. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿ, ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ. ಮನೆಯಲ್ಲಿರುವ ನಾಣ್ಯಗಳನ್ನು ಹೊರತೆಗೆದು ಒಂದೊಂದನ್ನೂ ತೂಗಿ, ಇಸವಿ ಓದಿ, ಬರೆದಿಡಿ. ಜೊತೆಗೆ ಅದು ಯಾರದು, ಯಾವ ಊರಿನದು, ಮದುವೆಯ ಉಡುಗೊರೆಯೋ ಹೊಲ ಮಾರಿದ ಹಣವೋ ಎಂಬುದನ್ನು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ನಾಣ್ಯದ ಅರ್ಧ ಇತಿಹಾಸ ಅದರ ಮೇಲೆ ಅಚ್ಚಾಗಿರುತ್ತದೆ. ಉಳಿದರ್ಧ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ. ಮೊದಲನೆಯದನ್ನು ಯಾವ ಪಂಡಿತನಾದರೂ ಓದಿಯಾನು. ಎರಡನೆಯದು ಹೋದರೆ ಹೋದಂತೆಯೇ.

ಎರಡನೆಯ ಮಾತು ನಮ್ಮ ಗೃಹಿಣಿಯರಿಗೆ. ವರಮಹಾಲಕ್ಷ್ಮಿ ಹಬ್ಬ ಬಂದಿತೆಂದು ಬೆಳ್ಳಿಯ ರೂಪಾಯಿಗೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಒಮ್ಮೆ ಉಜ್ಜಿದರೆ ಅಚ್ಚಿನ ಸೂಕ್ಷ್ಮ ಗೆರೆಗಳು ಸವೆಯುತ್ತವೆ. ನೂರು ವರ್ಷ ಕಟ್ಟಿದ ಕಪ್ಪು ಹೊದಿಕೆ ನಾಣ್ಯಕ್ಕೆ ಕವಚವಿದ್ದಂತೆ. ದೇವರಿಗೆ ಹೊಳಪು ಬೇಕೆನಿಸಿದರೆ ಹೊಸ ಬೆಳ್ಳಿಯ ನಾಣ್ಯವನ್ನಿಟ್ಟು ಪೂಜಿಸಿ. ಮೆದು ಪ್ಲಾಸ್ಟಿಕ್ ಚೀಲಗಳಲ್ಲಿಯೂ ಇಡಬೇಡಿ. ಕಾಲಕ್ರಮದಲ್ಲಿ ಅದು ಜಿಡ್ಡು ಬಿಟ್ಟು ಲೋಹವನ್ನು ಹಸಿರುಗಟ್ಟಿಸುತ್ತದೆ. ಒಳ್ಳೆಯ ಕಾಗದದ ಸಣ್ಣ ಲಕೋಟೆ ಸಾಕು. ಸರಕ್ಕೆ ಕೊಂಡಿ ಬೆಸೆದ ನಾಣ್ಯಕ್ಕೆ ಪೇಟೆಯಲ್ಲಿ ಬೆಲೆ ಕಡಿಮೆಯೆಂದು ಕೊಂಡಿ ಕೀಳಿಸಬೇಡಿ. ಅದನ್ನು ಕೊರಳಲ್ಲಿ ಧರಿಸಿದವರ ಗುರುತು ಅದು.

ಇನ್ನು ಕೊಳ್ಳುವ ಮಾತು. ಮೊದಲು ಚಿನ್ನ ಕೊಳ್ಳುವುದು ಬೇರೆ, ನಾಣ್ಯ ಕೊಳ್ಳುವುದು ಬೇರೆ ಎಂಬುದನ್ನು ಮನಸ್ಸಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಬ್ಯಾಂಕು, ಆಭರಣದಂಗಡಿಗಳಲ್ಲಿ ಸಿಗುವ ಹೊಸ ಚಿನ್ನದ ಬಿಲ್ಲೆಗೆ ಲೋಹದ ಬೆಲೆ, ಜೊತೆಗೆ ಕೂಲಿ, ಅಷ್ಟೆ. ಹಳೆಯ ನಾಣ್ಯದ ಬೆಲೆಯನ್ನು ಅಪರೂಪ, ಸವಕಳಿ, ಬೇಡಿಕೆಗಳು ನಿರ್ಧರಿಸುತ್ತವೆ. ಒಂದು ಪೂರ್ಣ ಬೆಳ್ಳಿಯ ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿಯಿರುತ್ತದೆ. ಆ ದಿನದ ದರಕ್ಕೆ ಗುಣಿಸಿದರೆ ಲೋಹದ ಬೆಲೆ ತಿಳಿಯುತ್ತದೆ. ಅದರ ಮೇಲೆ ಮಾರುವವನು ಕೇಳುವುದೆಲ್ಲವೂ ಇತಿಹಾಸದ ಬೆಲೆ. ಆ ಇತಿಹಾಸ ನಿಮಗೆ ತಿಳಿದಿದ್ದರೆ ಮಾತ್ರ ಕೊಡಿ.

ಕಡಿಮೆ ಖರ್ಚಿನಲ್ಲಿ ಆರಂಭಿಸಲು ಸಾಮಾನ್ಯ ಇಸವಿಯ ಜಾರ್ಜ್ ರೂಪಾಯಿಗಳು ಒಳ್ಳೆಯವು. ಬಳಿಕ ಶಹಜಹಾನಾಬಾದಿನ ಟಂಕಸಾಲೆಯ ಮೊಗಲ್ ರೂಪಾಯಿಯೊಂದನ್ನು ಕೊಂಡರೆ ನಾವಿರುವ ಊರಿನ ಗುರುತು ಕೈಯಲ್ಲಿರುತ್ತದೆ. ಅದರ ಪಕ್ಕದಲ್ಲಿ ಔರಂಗಜೇಬನ ವಿಜಾಪುರದ ರೂಪಾಯಿಯನ್ನಿಟ್ಟರೆ ಹುಟ್ಟಿದ ಊರೂ ಇರುವ ಊರೂ ಜೊತೆಗೂಡಿದಂತಾಯಿತು. ಅದರ ಮೇಲೆ ‘ದಾರುಲ್ ಜಫರ್’, ವಿಜಯದ ಮನೆ, ಎಂದು ವಿಜಾಪುರದ ಬಿರುದು ಇರುತ್ತದೆ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ 1969ರ ಗಾಂಧೀಜಿಯ ಹತ್ತು ರೂಪಾಯಿ 15 ಗ್ರಾಂ ತೂಕದ್ದು, ನೂರಕ್ಕೆ ಎಂಬತ್ತು ಬೆಳ್ಳಿ. 2006ರಲ್ಲಿ ಮಹಾತ್ಮ ಬಸವೇಶ್ವರರ ಸ್ಮಾರಕ ನಾಣ್ಯಗಳು ಬಂದವು. ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಹಣದ ಲೆಕ್ಕವಿಟ್ಟ ಮಹಾನುಭಾವನ ಚಿತ್ರ ನಾಣ್ಯದ ಮೇಲೆ ಬಂದದ್ದು ಉಚಿತವೇ ಸರಿ. ಮಕ್ಕಳಿಗಾದರೆ ಕಿಸೆಯ ಚಿಲ್ಲರೆಯೇ ಸಾಕು. 1988ರಿಂದ ನಾಣ್ಯ ಒತ್ತುತ್ತಿರುವ ನಮ್ಮ ನೋಯಿಡಾದ ಟಂಕಸಾಲೆಯ ಗುರುತು ಇಸವಿಯ ಕೆಳಗಿನ ಒಂದು ಚುಕ್ಕೆ. ಮುಂಬಯಿಯದು ವಜ್ರದ ಆಕಾರ, ಹೈದರಾಬಾದಿನದು ನಕ್ಷತ್ರ, ಕಲ್ಕತ್ತೆಯದಕ್ಕೆ ಗುರುತೇ ಇಲ್ಲ.

ಖೋಟಾ ನಾಣ್ಯಗಳ ಬಗ್ಗೆ ಎಚ್ಚರ ಬೇಕೇ ಬೇಕು. ಶ್ರೀರಾಮ ಪಟ್ಟಾಭಿಷೇಕದ ‘ರಾಮಟಂಕ’ಗಳು ಪೂಜೆಗೆಂದು ಮಾಡಿದ ಬಿಲ್ಲೆಗಳೇ ಹೊರತು ಯಾವ ರಾಜನ ನಾಣ್ಯವೂ ಅಲ್ಲ. 1818ರ ಈಸ್ಟ್ ಇಂಡಿಯಾ ಕಂಪನಿಯದೆಂದು ಹೇಳಿ ಹನುಮಂತ, ಲಕ್ಷ್ಮಿಯರ ಚಿತ್ರದ ಬಿಲ್ಲೆಗಳನ್ನು ಮಾರುತ್ತಾರೆ; ಕಂಪನಿಯು ಅಂಥ ನಾಣ್ಯವನ್ನು ಒತ್ತಿಯೇ ಇಲ್ಲ. ಬೆಳ್ಳಿ ಬಂಗಾರದ ನಾಣ್ಯವನ್ನು ಮೊದಲು ತೂಗಿ. ಬಳಿಕ ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ. ಪೂರ್ಣ ಬೆಳ್ಳಿಯ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ, ಪವನು ಸುಮಾರು 0.45 ಗ್ರಾಂ ತೂಕ ಕಳೆದುಕೊಳ್ಳಬೇಕು. ಇದಕ್ಕಿಂತ ಬಹಳ ಹೆಚ್ಚು ಕಳೆದುಕೊಂಡರೆ ಒಳಗೆ ಬೇರೆ ಲೋಹವಿದೆ. ಎಲ್ಲಕ್ಕಿಂತ ದೊಡ್ಡ ರಕ್ಷೆಯೆಂದರೆ ಅಸಲಿ ನಾಣ್ಯಗಳನ್ನು ಕಣ್ಣಾರೆ ನೋಡಿ ಅಭ್ಯಾಸ ಮಾಡುವುದು. ಜನಪಥದ ನ್ಯಾಷನಲ್ ಮ್ಯೂಸಿಯಂನ ಸಂಗ್ರಹದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಾಣ್ಯಗಳಿವೆ. ನಾಣ್ಯ ವಿಭಾಗ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಮಕ್ಕಳೊಡನೆ ಹೋಗಿಬನ್ನಿ. ಓದುವವರಿಗೆ ಡಾ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು 1975ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಗ್ರಂಥ ಒಳ್ಳೆಯ ದಾರಿದೀಪ.

ಕಾನೂನಿನ ಎರಡು ಮಾತು. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿಗೆ ಮೀರಿದರೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ಊರಿನ ಹಳೆಯ ಮನೆ ಕೆಡವಿಸುವವರಿಗೆ ಇದು ತಿಳಿದಿರಲಿ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವು ಪುರಾವಸ್ತು. ಅದನ್ನು ವ್ಯಾಪಾರ ಮಾಡುವವನಿಗೆ ಪರವಾನಗಿ ಬೇಕು, ಹೊರದೇಶಕ್ಕೆ ಒಯ್ಯುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡರ ಎಲ್ಲ ರೂಪಾಯಿಗಳೂ, 1922ರವರೆಗಿನ ಐದನೆಯ ಜಾರ್ಜನವೂ ಈಗ ಈ ಗೆರೆಯನ್ನು ದಾಟಿವೆ. ಅಮೆರಿಕೆಗೆ ಹೊರಟ ಮಗಳ ಪೆಟ್ಟಿಗೆಯಲ್ಲಿ ಅಜ್ಜಿಯ ರೂಪಾಯಿ ಇಟ್ಟು ಕಳಿಸುವ ತಾಯಂದಿರು ಇದನ್ನು ಮೊದಲೇ ಯೋಚಿಸಬೇಕು.

ನಮ್ಮ ಮನೆಗಳ ಮೂಸೆ

1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಜಗತ್ತಿನಲ್ಲೆಲ್ಲ ದಿಢೀರನೆ ಏರಿದಾಗ ಹಳೆಯ ಪಾತ್ರೆ, ನಾಣ್ಯಗಳು ರಾಶಿರಾಶಿಯಾಗಿ ಕುಲುಮೆಗೆ ಹೋದವು. ಕೆಲವೇ ತಿಂಗಳಲ್ಲಿ ಬೆಲೆ ಇಳಿಯಿತು. ಹೋದ ನಾಣ್ಯಗಳು ಹಿಂತಿರುಗಲಿಲ್ಲ. ಕಷ್ಟ ಬಂದಾಗ ಚಿನ್ನ ಮಾರುವುದು ತಪ್ಪೆಂದು ನಾವು ಹೇಳುವುದಿಲ್ಲ. ಕೂಡಿಟ್ಟವರೂ ಕಷ್ಟಕಾಲಕ್ಕೆಂದೇ ಕೂಡಿಟ್ಟದ್ದು. ಬಳೆಯನ್ನು ಮಾರಿದರೆ ಇನ್ನೊಂದು ಬಳೆ ಮಾಡಿಸಬಹುದು. ಆದರೆ ಮಾರಲೇಬೇಕಾದ ನಾಣ್ಯವನ್ನು ಕರಗಿಸುವವನಿಗಿಂತ ಮೊದಲು ಕಾಪಾಡುವವನಿಗೆ ತೋರಿಸಿ. ಹೆಚ್ಚಿನ ಬೆಲೆಯೂ ಬಂದೀತು, ನಾಣ್ಯವೂ ಉಳಿದೀತು.

ನಮ್ಮ ಮಕ್ಕಳು ದೆಹಲಿಯಲ್ಲಿ ಬೆಳೆದವರು. ಅವರ ಮಕ್ಕಳು ಎಲ್ಲಿ ಬೆಳೆಯುವರೋ. ಊರಿನ ಮನೆ ಮಾರಿಹೋದ ಮೇಲೆ, ಮಾತು ಮರೆತುಹೋದ ಮೇಲೆ, ಒಂದು ಕುಟುಂಬ ಎಲ್ಲಿಂದ ಬಂದಿತೆಂದು ಹೇಳಲು ಉಳಿಯುವ ಸಾಮಾನುಗಳು ಬಹಳ ಕಡಿಮೆ. ಒಂದು ತೊಲದ ಬೆಳ್ಳಿ, ಅದರ ಜೊತೆಗೆ ಒಂದು ಚೀಟಿ: ಯಾರು ಕೊಟ್ಟದ್ದು, ಯಾವ ಊರು, ಯಾವ ವರ್ಷ. ಈ ಭಾನುವಾರ ಮನೆಯಲ್ಲಿ ಪೆಟ್ಟಿಗೆ ತೆರೆದು ಆ ಚೀಟಿಯನ್ನು ಬರೆದಿಡಿ, ಕನ್ನಡದಲ್ಲಿಯೇ ಬರೆಯಿರಿ.